ದೊಡ್ಡ ಗೊಂಬೆ, ಸಣ್ಣ ಗೊಂಬೆ

ಚಿತ್ರ ಬರೆಯೋನು ಮೊದಲು ತೀರ್ಮಾನ ಮಾಡೋದು ಗಾತ್ರವನ್ನು. ಬಣ್ಣದ ಮಾತು ಆಮೇಲೆ. ಯಾರನ್ನು ಎಷ್ಟು ದೊಡ್ಡದಾಗಿ ಬರೀಬೇಕು, ಯಾರನ್ನು ಮೂಲೆಗೆ ತಳ್ಳಬೇಕು, ಯಾರನ್ನು ನೋಡಿ ಜನ ನಗಬೇಕು, ಇಷ್ಟೂ ಕುಂಚ ಗೋಡೆಗೆ ತಾಗೋ ಮುಂಚೆಯೇ ನಿರ್ಧಾರವಾಗಿರುತ್ತದೆ. ಇದು ಕಲೆಯ ವಿಚಾರ, ಕಲಾವಿದರು ನೋಡಿಕೊಳ್ಳಲಿ ಅಂತ ನಾವು ಸುಮ್ಮನಿದ್ದೇವೆ. ಆದರೆ ಇದು ನ್ಯಾಯದ ವಿಚಾರ.

ಯಗಟಿ ಹೋಬಳಿಯಿಂದಲೇ ಶುರು ಮಾಡೋಣ. ತೆಂಗು, ರಾಗಿ ನಂಬಿದ ಕಡೂರು ಸೀಮೆಯ ಬಯಲು ಇದು. ರಾಜ್ಯದ ಬೇರೆ ಕಡೆಯಂತೆ ಇಲ್ಲೂ ಈಗ ಅಂಗನವಾಡಿ, ಶಾಲೆಗಳ ಗೋಡೆಗೆ ಕಾರ್ಟೂನು ಬಂದಿದೆ. ಅಮೆರಿಕದ ಇಲಿ, ಜಪಾನಿನ ಬೆಕ್ಕು, ಅವುಗಳ ಪಕ್ಕ ಛೋಟಾ ಭೀಮ್. 2008ರಲ್ಲಿ ಟೀವಿಗೆ ಬಂದ ಈ ಹುಡುಗ ಕೇಸರಿ ಪಂಚೆ ಉಟ್ಟು, ಲಾಡು ತಿಂದು, ಬಲ ಪಡೆದು, ರಾಜನ ಊರನ್ನು ಕಾಪಾಡುತ್ತಾನೆ. ಮಕ್ಕಳಿಗೆ ಅವನಂದ್ರೆ ಪ್ರಾಣ. ಅದರಲ್ಲಿ ತಪ್ಪೇನೂ ಇಲ್ಲ, ಮಕ್ಕಳು ನಗಬೇಕು.

ಆದರೆ ಅದೇ ಊರಿನ ಕೇರಿಗೆ ಬನ್ನಿ. ಅಲ್ಲಿನ ಗೋಡೆ ಮೇಲೂ ಒಬ್ಬ ಭೀಮ ಇದ್ದಾನೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಈ ಭೀಮ ಚಿಕ್ಕವನಾಗಿದ್ದಾಗ ಲಾಡು ಹಾಗಿರಲಿ, ಶಾಲೆಯಲ್ಲಿ ಬಾಯಾರಿದರೆ ನೀರೂ ಸಿಗುತ್ತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಬರಲಿಲ್ಲವೋ, ಆವತ್ತು ನೀರಿಲ್ಲ. ಕೂರೋಕೆ ಗೋಣಿತಟ್ಟು ಮನೆಯಿಂದಲೇ ತರಬೇಕು. ಇದನ್ನು ಅಂಬೇಡ್ಕರ್ ಅವರೇ ಬರೆದಿಟ್ಟಿದ್ದಾರೆ. ಈ ಹುಡುಗನ ಕಥೆ ಅಂಗನವಾಡಿ ಗೋಡೆಗೆ ಯಾಕೆ ಏರಲಿಲ್ಲ? ಮಕ್ಕಳಿಗೆ ಅರ್ಥವಾಗಲ್ಲ ಅನ್ನುತ್ತಾರೆ. ನೀರು ಯಾರು ಕೊಡ್ತಾರೆ, ಯಾರು ಕೊಡಲ್ಲ ಅನ್ನೋದು ಕೇರಿಯ ಮಗುವಿಗೆ ನಾಲ್ಕು ವರ್ಷಕ್ಕೇ ಅರ್ಥವಾಗಿರುತ್ತದೆ ಸ್ವಾಮಿ.

ಚಲಿಸುವ ಚಿತ್ರ ಟೀವಿಯಿಂದ ಬಂತು ಅನ್ನೋದೂ ಒಂದು ಮರೆವು. ನಮ್ಮಲ್ಲಿ ತೊಗಲು ಗೊಂಬೆಯಾಟ ಇತ್ತು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಹಾಕಿ, ಕೈಕಾಲು ದಾರದಲ್ಲಿ ಪೋಣಿಸಿ, ಪರದೆಯ ಹಿಂದೆ ದೀಪ ಇಟ್ಟು ಆಡಿಸುತ್ತಿದ್ದರು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡಬೇಕು. ಇಲ್ಲಿ ಒಂದೇ ಚಿತ್ರ, ಒಬ್ಬ ಮನುಷ್ಯನ ಎರಡು ಕೈ. ಮಳೆ ಹೋದಾಗ, ದನಕ್ಕೆ ರೋಗ ಬಂದಾಗ ಊರವರೇ ಕರೆಸಿ ಆಡಿಸುತ್ತಿದ್ದರು. ಆಡಿಸುತ್ತಿದ್ದವರು ಅಲೆಮಾರಿ ಶಿಳ್ಳೇಕ್ಯಾತರು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಜನ, ಮನೆಯಲ್ಲಿ ಒಂದು ಬಗೆಯ ಮರಾಠಿ, ಪರದೆಯ ಹಿಂದೆ ಅಪ್ಪಟ ಕನ್ನಡ.

ಆ ಗೊಂಬೆಗಳಲ್ಲಿ ಒಂದು ಲೆಕ್ಕ ಇದೆ. ರಾಜ, ದೇವರು ದೊಡ್ಡ ಗೊಂಬೆ. ಆಳು, ಜನಸಾಮಾನ್ಯ ಸಣ್ಣ ಗೊಂಬೆ. ಹತ್ತಿರ ಇರೋನು ದೊಡ್ಡವನು, ದೂರ ಇರೋನು ಸಣ್ಣವನು ಅನ್ನೋ ಕಣ್ಣಿನ ಲೆಕ್ಕ ಅಲ್ಲ ಇದು, ಅಂತಸ್ತಿನ ಲೆಕ್ಕ. ಚರ್ಮ ಹದಮಾಡೋದು, ಬರೆಯೋದು, ಕುಣಿಸೋದು ಕೆಳಗಿನವರೇ, ಆದರೆ ಅಳತೆಗೋಲು ಮಾತ್ರ ಮೇಲಿನವರದು. ಇಂಥ ಆಟದೊಳಗೇ ಅವರು ಒಬ್ಬನನ್ನು ನುಗ್ಗಿಸಿದರು. ಅವನೇ ಕಿಳ್ಳೇಕ್ಯಾತ. ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ, ಬಾಯಿ ತುಂಬ ಪೋಲಿ ಮಾತು. ಜೊತೆಗೆ ಹೆಂಡತಿ ಬಂಗಾರಕ್ಕ. ರಾಮ ರಾವಣರು ದೊಡ್ಡ ಮಾತು ಆಡಿ ಸುಸ್ತಾದ ನಡುವೆ ಇವನು ಬಂದು ಊರ ಭಾಷೆಯಲ್ಲಿ ಊರ ದೊಡ್ಡವರನ್ನೇ ಎಳೆಯುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ಏನಾಯ್ತು? ಬೆಳಗಾದ ಮೇಲೆ ರಾಮನ ಹೆಸರು ಗುಡಿಗೆ ಹೋಯಿತು. ಕಿಳ್ಳೇಕ್ಯಾತನ ಹೆಸರು ಆಡಿಸಿದ ಜನಕ್ಕೆ ಅಂಟಿಕೊಂಡಿತು, ಬೈಗುಳವಾಗಿ. ಹೊಲಸು ಮಾತಾಡೋನಿಗೆ, ಹರಕು ಬಟ್ಟೆಯವನಿಗೆ ಆ ಹೆಸರು ಹಿಡಿದು ಬೈಯೋದು ನಿಂತಿಲ್ಲ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಕೊಟ್ಟರು, ಆಕೆಗೆ ತೊಂಬತ್ತು ದಾಟಿದ ಮೇಲೆ. ಸಂತೋಷ. ಪ್ರಶಸ್ತಿ ಆ ಕಲೆಗೆ ಬಂತು, ಹೆಸರಿನ ಮೇಲಿನ ನಗು ಹಾಗೇ ಉಳಿಯಿತು.

ಈಗ ಪೇಟೆಯ ವ್ಯಂಗ್ಯಚಿತ್ರಕ್ಕೆ ಬರೋಣ. ತೊಗಲು ಗೊಂಬೆಯ ಅಳತೆಗೋಲು ಅಲ್ಲೂ ಇದೆ. 1949ರಲ್ಲಿ ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನ ಅನ್ನೋ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಹಿಡಿದಿದ್ದಾರೆ, ಸುತ್ತ ಜನ ನಗುತ್ತಿದ್ದಾರೆ. ಅದು ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕಕ್ಕೂ ಸೇರಿತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದು ಸರ್ಕಾರ ಅದನ್ನು ಹಿಂತೆಗೆಯಿತು. ಆಗ ಎಷ್ಟೋ ವಿದ್ವಾಂಸರು, ದಲಿತರಿಗೆ ಹಾಸ್ಯಪ್ರಜ್ಞೆ ಇಲ್ಲ, ಚಾಟಿ ಬೀಸುತ್ತಿರೋದು ಹುಳುವಿಗೆ ಕಣ್ರೀ, ಅಂಬೇಡ್ಕರಿಗಲ್ಲ ಅಂತ ಪಾಠ ಹೇಳಿದರು. ಇರಬಹುದು. ಆದರೆ ಬೆನ್ನಿನ ಮೇಲೆ ಚಾಟಿಯ ಗುರುತು ಇರುವ ಜನ, ಚಾಟಿ ಬೀಸೋನ ಮನಸ್ಸಿನಲ್ಲೇನಿದೆ ಅಂತ ವಿಚಾರಿಸಿಕೊಂಡು ಆಮೇಲೆ ನಗಬೇಕೇನು?

ಆ ಹುಳು ಯಾಕೆ ನಿಧಾನ ನಡೆಯಿತು ಅನ್ನೋದು ಚಿತ್ರದಲ್ಲಿಲ್ಲ. 1948ರ ನವೆಂಬರಿನಲ್ಲಿ ಟಿ. ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲೇ ಹೇಳಿದ್ದರು. ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಬೇರೆಯವರು ಬೇರೆ ಬೇರೆ ಕಾರಣಕ್ಕೆ ದೂರವಿದ್ದರು, ಕೊನೆಗೆ ಹೊರೆ ಬಿದ್ದದ್ದು ಅಂಬೇಡ್ಕರ್ ಒಬ್ಬರ ಮೇಲೆ. ಹೊತ್ತವನನ್ನೇ ಸವಾರನನ್ನಾಗಿ ಬರೆದರೆ ಅದು ಹಾಸ್ಯವೋ, ಸುಳ್ಳೋ? ಉನ್ನಮತಿ ಶ್ಯಾಮ ಸುಂದರ್ 1932ರಿಂದ ಬಂದ ಇಂಥ ನೂರಕ್ಕೂ ಹೆಚ್ಚು ಚಿತ್ರಗಳನ್ನು ಹುಡುಕಿ 2019ರಲ್ಲಿ ಪುಸ್ತಕ ಮಾಡಿದರು. ಅದನ್ನು ತಿರುವಿ ಹಾಕಿದರೆ ಗೊತ್ತಾಗುತ್ತದೆ. ಗಾಂಧಿ, ನೆಹರೂ ಪಕ್ಕದಲ್ಲಿ ಆ ಮನುಷ್ಯ ಮತ್ತೆ ಮತ್ತೆ ಕುಳ್ಳ, ಮತ್ತೆ ಮತ್ತೆ ಹಠಮಾರಿ ಮಗು. ಸಣ್ಣ ಗೊಂಬೆ!

ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ 1951ರಿಂದ ದಶಕಗಳ ಕಾಲ ಬರೆದ ಶ್ರೀಸಾಮಾನ್ಯನೂ ಅಷ್ಟೆ. ಚೌಕಳಿ ಕೋಟು, ಧೋತ್ರ, ಬಾಯಿಲ್ಲದ ಬಡಪಾಯಿ. ದೊಡ್ಡ ಕಲಾವಿದ, ಅನುಮಾನವಿಲ್ಲ. ಆದರೆ ಈ ದೇಶದಲ್ಲಿ ‘ಸಾಮಾನ್ಯ’ ಅನ್ನಿಸಿಕೊಳ್ಳೋಕೂ ಕೋಟು ಬೇಕು.

ಹಾಗಾದರೆ ನಗುವೇ ಬೇಡವೇ? ಬೇಕು. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆ ಇಟ್ಟರು, 2019ರಲ್ಲಿ ಗುಂಡಿ ಬಿದ್ದ ರಸ್ತೆ ಮೇಲೆ ಗಗನಯಾತ್ರಿಯನ್ನು ನಡೆಸಿದರು. ಊರೆಲ್ಲ ನಕ್ಕಿತು, ಅಧಿಕಾರಿಗಳು ಗುಂಡಿ ಮುಚ್ಚಲು ಓಡಿ ಬಂದರು. ಬೀದಿ ಚಿತ್ರದ ನಗು ಹೀಗೆ ಮೇಲಕ್ಕೆ ಏರಬೇಕು, ಕುರ್ಚಿಗೆ ಬಡಿಯಬೇಕು. ಇಲ್ಲೂ ಒಂದು ಮಾತು: ಅದು ಬೆಂಗಳೂರು, ಕ್ಯಾಮೆರಾ ಇತ್ತು. ಕೇರಿಯ ಚರಂಡಿಯಲ್ಲಿ ಮೊಸಳೆ ಇಟ್ಟರೆ ಇಟ್ಟವನ ಮೇಲೇ ಕೇಸು ಬಿದ್ದೀತು.

ಗೆಳೆಯರಿಗೂ ಒಂದು ಕಹಿ ಮಾತು ಹೇಳಬೇಕು. ಬೀದಿನಾಟಕಗಳಲ್ಲಿ, ಪೋಸ್ಟರುಗಳಲ್ಲಿ ನಗಿಸೋಕೆ ಇವತ್ತಿಗೂ ಕುಂಟನೇ ಬೇಕು, ಮೆಳ್ಳೆಗಣ್ಣಿನವನೇ ಬೇಕು, ಸೀರೆ ಉಟ್ಟ ಗಂಡಸೇ ಬೇಕು. ಜಮೀನ್ದಾರನಿಗೆ ಡೊಳ್ಳು ಹೊಟ್ಟೆ ಸರಿ, ಅದು ಅವನು ತಿಂದದ್ದು. ಕುಂಟು ಕಾಲನ್ನು ಯಾರು ತಿಂದು ಬೆಳೆಸಿಕೊಂಡರು? ಇನ್ನು ಬಾಬಾಸಾಹೇಬರನ್ನು ನಾವು ಬರೆಯೋದೋ, ಒಂದೇ ಕೋಟು, ಒಂದೇ ಭಂಗಿ. ಅವರು ನಕ್ಕ ಚಿತ್ರ ಎಷ್ಟು ಕೇರಿಗಳಲ್ಲಿದೆ? ದೊಡ್ಡ ಗೊಂಬೆ ಮಾಡೋ ಭರದಲ್ಲಿ ಅವರನ್ನೂ ದೇವರ ಅಳತೆಗೆ ಕತ್ತರಿಸಿದರೆ ಅಳತೆಗೋಲು ಹಳೆಯದೇ ಆಯಿತಲ್ಲ.

ಮೇಷ್ಟರುಗಳೇ, ನಲಿ-ಕಲಿ ಕೋಣೆಯಲ್ಲಿ ಗೋಡೆಯ ಬುಡದುದ್ದಕ್ಕೂ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಇದೆ. ಸಾಯಂಕಾಲ ಅದನ್ನು ಒರೆಸುವ ಮುಂಚೆ ಒಂದು ಸಲ ಕೂತು ನೋಡಿ. ಮುಂದಿನ ಸಲ ಗೋಡೆ ಬಣ್ಣಕ್ಕೆ ಪಂಚಾಯ್ತಿ ದುಡ್ಡು ಬಂದಾಗ, ಪೇಂಟರಿಗೆ ಮೊಬೈಲಿನ ಚಿತ್ರ ತೋರಿಸೋದು ಬಿಟ್ಟು ಆ ಹಲಗೆಯನ್ನು ತೋರಿಸಿ. ಮಗು ಸಾಹುಕಾರನನ್ನು ಕಡ್ಡಿಯಷ್ಟು ಬರೆದು, ಕೂಲಿಗೆ ಹೋದ ಅವ್ವನನ್ನು ತೆಂಗಿನ ಮರದಷ್ಟು ಎತ್ತರ ಬರೆದಿದ್ದರೆ ತಿದ್ದೋಕೆ ಹೋಗಬೇಡಿ, ಪೇಂಟರಿಗೂ ಹಾಗೇ ಬರೀ ಅಂತ ಹೇಳಿ.