ಗೆಳೆಯರ ಪಾಲುಗಾರಿಕೆ

ಸ್ನೇಹದಲ್ಲಿ ವ್ಯಾಪಾರ ಬೆರೆತರೆ ಎರಡೂ ಕೆಡುವುವೆಂದು ಲೋಕಾನುಭವವುಳ್ಳವರು ಹೇಳುವುದುಂಟು. ಕೆಡಿಸುವುದು ಹಣವೆ? ಹಣಕ್ಕೆ ಲೆಕ್ಕವುಂಟು, ಲೆಕ್ಕ ತಪ್ಪಿದರೆ ನ್ಯಾಯಸ್ಥಾನವುಂಟು. ನಷ್ಟವೊದಗಿದಾಗ ‘ಇದು ಯಾರ ತಪ್ಪು?’ ಎಂದು ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಮಾತ್ರ ಅಂತಹ ಆಸರೆಯಿಲ್ಲ. ಈ ಜಿಜ್ಞಾಸೆಗೆ ಒಂದು ಹಾಸ್ಯಚಿತ್ರದಿಂದ ಬೆಳಕು ದೊರೆಯುವುದೆಂದರೆ ಗಂಭೀರರಾದ ವಾಚಕರು ನಗಬಹುದು. ನಗಲಿ, ಅದು ನಗಿಸುವುದಕ್ಕಾಗಿಯೇ ತೆಗೆದ ಚಿತ್ರ.

1932ರಲ್ಲಿ ಅಮೆರಿಕದ ಹಾಲ್ ರೋಚ್ ಚಿತ್ರಶಾಲೆಯಿಂದ ಹೊರಬಂದ ‘ದಿ ಮ್ಯೂಸಿಕ್ ಬಾಕ್ಸ್’ ಅರ್ಧ ಗಂಟೆಯಷ್ಟೂ ದೀರ್ಘವಲ್ಲ. ಕೃಶಕಾಯನಾದ ಸ್ಟಾನ್ ಲಾರೆಲ್ಲನೂ ಸ್ಥೂಲಕಾಯನಾದ ಆಲಿವರ್ ಹಾರ್ಡಿಯೂ ತಮ್ಮಲ್ಲಿದ್ದ 3 ಡಾಲರು 80 ಸೆಂಟುಗಳನ್ನು ಬಂಡವಾಳವಾಗಿ ಹೂಡಿ, ಸಾಮಾನು ಸಾಗಿಸುವ ಕಂಪೆನಿಯೊಂದನ್ನು ತೆರೆಯುತ್ತಾರೆ. ಆ ಹಣದಲ್ಲಿ ಯಾರದೆಷ್ಟೆಂದು ಚಿತ್ರ ಹೇಳುವುದಿಲ್ಲ. ಅವರೂ ಕೇಳಿಕೊಂಡಂತೆ ಕಾಣದು. ಕುದುರೆಯ ಗಾಡಿಯಲ್ಲಿ ತಂದ ಪಿಯಾನೊ ಒಂದನ್ನು ದಿಣ್ಣೆಯ ಮೇಲಣ ಮನೆಗೆ ಮುಟ್ಟಿಸಬೇಕು. ಎದುರಿಗೆ ಕಡಿದಾದ ಮೆಟ್ಟಲುಸಾಲು. (ಲಾಸ್ ಏಂಜಲೀಸ್ ನಗರದಲ್ಲಿ ಆ 133 ಮೆಟ್ಟಲುಗಳು ಇಂದಿಗೂ ಇವೆ.) ಪಿಯಾನೊ ಏರುತ್ತದೆ, ಜಾರುತ್ತದೆ, ಬೀದಿಗೆ ಬೀಳುತ್ತದೆ, ಮರಳಿ ಏರುತ್ತದೆ. ಕಡೆಗೆ ತುದಿ ಮುಟ್ಟಿದ ಮೇಲೆ, ಗಾಡಿ ಬರುವಂತಹ ರಸ್ತೆ ಬಳಸಿಕೊಂಡು ಮೇಲಕ್ಕೇ ಬರುತ್ತದೆಂದು ಅಂಚೆಯವನು ತಿಳಿಸುತ್ತಾನೆ. ಗೆಳೆಯರಿಬ್ಬರೂ ಪಿಯಾನೊವನ್ನು ಮತ್ತೆ ಕೆಳಕ್ಕೆ ಹೊತ್ತು, ಗಾಡಿಗೇರಿಸಿ, ಆ ರಸ್ತೆಯಲ್ಲಿಯೇ ಬರುತ್ತಾರೆ!

ಈ ತಪ್ಪು ಯಾರದು? ಕಂಪೆನಿಯ ಬುದ್ಧಿಯೆಲ್ಲ ತನ್ನದೆಂದು ಹಾರ್ಡಿಯ ಭಾವನೆ. ದೋಷವನ್ನೆಲ್ಲ ಲಾರೆಲ್ಲನ ತಲೆಗೆ ಕಟ್ಟುತ್ತಾನೆ. ಆದರೆ ಒಬ್ಬನೇ ಇದ್ದಿದ್ದರೆ ಅವರಲ್ಲಿ ಯಾವನಾದರೂ ಆ ತುದಿಯಲ್ಲಿ ಗಳಿಗೆಹೊತ್ತು ಕುಳಿತು ಯೋಚಿಸುತ್ತಿದ್ದನೇನೊ. ಇಬ್ಬರಿದ್ದುದರಿಂದ, ಇನ್ನೊಬ್ಬನು ಯೋಚಿಸಿರುವನೆಂಬ ನಂಬಿಕೆಯಿಂದ, ಇಬ್ಬರೂ ಭಾರಕ್ಕೆ ಕೈಕೊಟ್ಟರು. ಇಂತಹ ತಪ್ಪನ್ನು ಪಾಲುಮಾಡಲಾಗದು. ಅನೇಕ ಸಂಸಾರಗಳ ನಷ್ಟವೂ ಈ ಜಾತಿಯದೇ.

ಇದನ್ನು ಕಾನೂನೂ ಒಂದು ಬಗೆಯಲ್ಲಿ ಅರಿತಿದೆ. ಅದೇ 1932ರಲ್ಲಿ ನಮ್ಮ ದೇಶದಲ್ಲಿ ಪಾಲುಗಾರಿಕೆಯ ಕಾಯಿದೆಯಾಯಿತು. ಬೇರೆ ಕರಾರಿಲ್ಲದಿದ್ದರೆ ಲಾಭನಷ್ಟಗಳೆರಡೂ ಪಾಲುಗಾರರಿಗೆ ಸಮವೆಂದು ಅದರ 13ನೆಯ ಪ್ರಕರಣ ವಿಧಿಸುತ್ತದೆ. ಬೇಕೆಂದೇ ಮಾಡಿದ ಉಪೇಕ್ಷೆಯಿಂದಾದ ನಷ್ಟವನ್ನು ಅದನ್ನು ಮಾಡಿದವನೇ ತುಂಬಿಕೊಡಬೇಕು. ಬರಿಯ ದಡ್ಡತನದ ಮಾತು ಅಲ್ಲಿಲ್ಲ. ಅದರ ನಷ್ಟ ಎಲ್ಲರ ಮೇಲೂ ಬೀಳುತ್ತದೆ. ಕಾಯಿದೆಯೊಳಗೆ ಇಷ್ಟು ದಯೆಯನ್ನು ಕಂಡು ನನಗೆ ಆಶ್ಚರ್ಯವಾಯಿತು. ಪಾಲುಗಾರರು ಒಬ್ಬರಿಗೊಬ್ಬರು ನಿಜವಾದ ಲೆಕ್ಕವನ್ನು ಒಪ್ಪಿಸಬೇಕೆಂದೂ ಅದು ಹೇಳುತ್ತದೆ.

ಈ ಕಡೆಯ ಮಾತನ್ನು ಹಣಕ್ಕೆ ಮಾತ್ರ ಸಲ್ಲಿಸಿದರೆ ಸಾಲದೆಂದು ನನಗೆ ತೋರುತ್ತದೆ. ಗೆಳೆಯನ ದೋಷವನ್ನು ಕ್ಷಮಿಸಿದೆನೆಂದು ಬಾಯಲ್ಲಿ ಹೇಳಿ, ಮನಸ್ಸಿನ ಖಾತೆಯಲ್ಲಿ ಬಡ್ಡಿಯೊಡನೆ ಬರೆದಿಟ್ಟುಕೊಳ್ಳುವವನು ಸುಳ್ಳು ಲೆಕ್ಕವನ್ನೇ ಇಡುತ್ತಾನೆ. ಹಾರ್ಡಿಯು ಹಾಗಲ್ಲ. ಕೂಗುತ್ತಾನೆ, ಗುದ್ದುತ್ತಾನೆ; ಮರುಕ್ಷಣದಲ್ಲಿ ಇಬ್ಬರೂ ಅದೇ ಪಿಯಾನೊವಿಗೆ ಹೆಗಲು ಕೊಟ್ಟಿರುತ್ತಾರೆ. ಅವನ ರೀತಿ ಸಭ್ಯವಲ್ಲ, ನಿಜ. ಗುದ್ದಾಟವನ್ನು ಯಾರಿಗೂ ನಾನು ವಿಧಿಸಲಾರೆ. ಆದರೂ ಬಾಕಿ ಉಳಿಸದ ಜಗಳ, ಬಾಕಿ ಬೆಳೆಸುವ ಸೌಜನ್ಯಕ್ಕಿಂತ ಮೇಲೆನ್ನಬೇಕು.

ತೆರೆಯ ಹೊರಗೆ ಇವರ ಪಾಲು ಸಮವಾಗಿರಲಿಲ್ಲವೆಂಬುದೂ ಗಮನಾರ್ಹ. ಹಾಸ್ಯಪ್ರಸಂಗಗಳನ್ನು ಹೆಣೆಯುವುದು, ಚಿತ್ರದ ಸಂಕಲನವನ್ನು ನೋಡಿಕೊಳ್ಳುವುದು ಲಾರೆಲ್ಲನ ದುಡಿಮೆ. ಅದಕ್ಕಾಗಿ ಅವನಿಗೆ ವೇತನವೂ ಹೆಚ್ಚು. ಹಾರ್ಡಿಯು ಚಿತ್ರೀಕರಣ ಮುಗಿದೊಡನೆ ಗಾಲ್ಫ್ ಮೈದಾನಕ್ಕೆ ಹೋಗುತ್ತಿದ್ದನು. ಲಾರೆಲ್ಲನ ದುಡಿಮೆ ಹೆಚ್ಚೆಂದು ಒಪ್ಪಿ, ಆ ವ್ಯತ್ಯಾಸಕ್ಕೆ ಮುನಿಯಲಿಲ್ಲ. ಪೆದ್ದನ ವೇಷದವನೇ ಕಸಬಿನ ಬುದ್ಧಿಯಾಗಿದ್ದನು. 1957ರಲ್ಲಿ ಹಾರ್ಡಿ ತೀರಿಕೊಂಡನು. 1965ರವರೆಗೆ ಬದುಕಿದ್ದ ಲಾರೆಲ್ಲನು ಆಮೇಲೆ ಮತ್ತೆ ನಟಿಸಲು ಒಪ್ಪಲಿಲ್ಲ.