ಷೇರು ಮತ್ತು ಪರಿಗ್ರಹ ಪರಿಮಾಣ

ಶ್ರಾವಕನು ಷೇರುಗಳಲ್ಲಿ ಹಣ ತೊಡಗಿಸಬಹುದೇ? ಮೊದಲು ಷೇರಿನ ಸ್ವರೂಪವನ್ನು ಅರಿಯಬೇಕು. ಬ್ಯಾಂಕಿನ ಠೇವಣಿಯು ನಾವು ಕೊಟ್ಟ ಸಾಲ. ಷೇರಾದರೋ ಕಂಪನಿಯ ಒಡೆತನದ ಒಂದು ಅಂಶ. ಕಂಪನಿಗೆ ಲಾಭವಾದರೆ ಲಾಭಾಂಶ ದೊರೆಯಬಹುದು. ನಷ್ಟವಾದರೆ ಹೂಡಿದ ಮೊತ್ತವೇ ಕರಗಬಹುದು. ಪೂರ್ಣ ಬೆಲೆ ತೆತ್ತ ಷೇರುದಾರನ ಮೇಲೆ ಅದಕ್ಕಿಂತ ಹೆಚ್ಚಿನ ಹೊಣೆಯನ್ನು ಕಾನೂನು ಹೊರಿಸದು. ಕರ್ಮಕ್ಕೆ ಅಂತಹ ಮಿತಿಯಿಲ್ಲ. ಒಡೆತನದಲ್ಲಿ ಪಾಲುಳ್ಳವನು ಆ ಉದ್ಯಮದ ಹಿಂಸೆಯನ್ನು ಸ್ವತಃ ಮಾಡದಿದ್ದರೂ ಅನುಮೋದನೆಯಿಂದ ಅದಕ್ಕೆ ಭಾಗಿಯಾಗುತ್ತಾನೆ. ಆದುದರಿಂದ ಮದ್ಯ, ಮಾಂಸ, ಚರ್ಮಗಳ ಕಂಪನಿಯ ಷೇರು ಎಷ್ಟೇ ಲಾಭ ತರಲಿ, ವರ್ಜ್ಯವೇ ಸರಿ. ಮ್ಯೂಚುಯಲ್ ಫಂಡಿನಲ್ಲಿ ಹೂಡುವವರೂ ಅದು ತಿಂಗಳಿಗೊಮ್ಮೆ ಪ್ರಕಟಿಸುವ ಷೇರುಗಳ ಪಟ್ಟಿಯನ್ನು ಓದಬೇಕು.

ಇನ್ನೊಂದು ಪ್ರಶ್ನೆ ಸೂಕ್ಷ್ಮವಾದುದು. 10 ಲಕ್ಷ ರೂಪಾಯಿಗೆ ಪರಿಮಾಣ ಮಾಡಿಕೊಂಡವನ ಷೇರುಗಳು ತಾವಾಗಿಯೇ 12 ಲಕ್ಷ ಬೆಲೆಬಾಳಿದರೆ ವ್ರತಭಂಗವೇ? ಮಾರದ ಷೇರಿನ ಏರಿಕೆ ಬರಿಯ ಲೆಕ್ಕವೆಂದು ಕೆಲವರು ವಾದಿಸುವರು. ಆದರೆ ಮನಸ್ಸು ಆ ಲೆಕ್ಕವನ್ನು ಆಗಲೇ ತನ್ನದೆಂದು ಎಣಿಸಿರುತ್ತದೆ. ಪರಿಗ್ರಹದ ಬೇರಿರುವುದು ಆ ಮಮತ್ವದಲ್ಲಿ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಲೋಭವನ್ನೂ ಎಣಿಸಿದ್ದಾರೆ. ವರ್ಷಕ್ಕೊಮ್ಮೆ, ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ, ಷೇರುಗಳನ್ನು ಅಂದಿನ ಪೇಟೆಯ ಬೆಲೆಗೆ ಎಣಿಸಿ, ಮಿತಿ ಮೀರಿದುದನ್ನು ಮಾರಿ ದಾನಕ್ಕೆ ಸಲ್ಲಿಸುವುದು ಲೇಸು. ಏರಿದ ಬೆಲೆಗೆ ತಕ್ಕಂತೆ ಮಿತಿಯನ್ನೇ ಏರಿಸಿದರೆ ವ್ರತವೆಂಬ ಹೆಸರು ಮಾತ್ರ ಉಳಿಯುವುದು.