ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು

*ಇಂದಿನ ಧಮ್ಮ ಚಿಂತನೆ*


ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಧಮ್ಮಬಂಧುಗಳೇ,

ಪಂಚಶೀಲದ ಎರಡನೆಯ ಶೀಲ ಅದಿನ್ನಾದಾನದಿಂದ ದೂರವಿರುವುದು. 'ಕಳ್ಳತನ ಮಾಡಬಾರದು' ಎಂದು ಅರ್ಥ ಹೇಳಿ ಮುಗಿಸಿಬಿಡುತ್ತೇವೆ. ಪದ ಬಿಡಿಸಿ ನೋಡಿ: ಅದಿನ್ನ ಎಂದರೆ ಕೊಡದೆ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡಬೇಕಾದವರು ಇನ್ನೂ ಹುಟ್ಟೇ ಇಲ್ಲದಿದ್ದರೆ? ಅವರ ಪಾಲನ್ನು ನಾವು ತೆಗೆದುಕೊಂಡರೆ ಅದನ್ನು ಏನೆಂದು ಕರೆಯಬೇಕು?

ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ, ಎರಡೂ ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಾರೆ. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್ಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಒಂದು ಪಾಲು ನೂರಾರು ವರ್ಷ ಅಲ್ಲೇ ಉಳಿದು ಭೂಮಿಯನ್ನು ಕಾಯಿಸುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬಂದರೂ ಈ ಲೆಕ್ಕ ಸೊನ್ನೆಯಾಗುವುದಿಲ್ಲ. (ನಮ್ಮ ಕೇರಿಯ ಎರಡು ಬಲ್ಬು, ಒಂದು ಫ್ಯಾನಿನಿಂದ ಭೂಮಿ ಇಷ್ಟು ಕಾಯ್ದಿಲ್ಲ ಎಂಬುದೂ ನಿಜ.)

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ 2024, ದಾಖಲೆ ಇಟ್ಟಾಗಿನಿಂದ ಜಗತ್ತಿನ ಅತಿ ಬಿಸಿ ವರ್ಷವಾಯಿತು. ಆ ಬೇಸಿಗೆಯಲ್ಲಿ ಚನ್ನಗಿರಿಯ ಅಡಿಕೆ ತೋಟಗಳಿಗೆ ಟ್ಯಾಂಕರ್ ನೀರು ಹೊಡೆಸಿದ್ದು ನೆನಪಿದೆಯಲ್ಲ. ಜಗಳೂರಿನವರಿಗೆ ಬರದ ಬಗ್ಗೆ ಹೇಳುವುದೇ ಬೇಡ. ಒಂದು ವರ್ಷದ ಬರಕ್ಕೆ ಕಲ್ಲಿದ್ದಲೊಂದೇ ಕಾರಣ ಎನ್ನಲಾಗದು, ಬರ ನಮ್ಮ ಅಜ್ಜಂದಿರ ಕಾಲದಲ್ಲೂ ಇತ್ತು. ಆದರೆ ಕಾರಣಗಳು ಕೂಡಿದಂತೆ ಫಲ ಎಂದು ಭಗವಾನ್ ಬುದ್ಧರು ಪ್ರತೀತ್ಯಸಮುತ್ಪಾದದಲ್ಲಿ ತೋರಿಸಿದ್ದಾರೆ. ಬಿಸಿ ಏರಿದಷ್ಟೂ ಬರ ಹೆಚ್ಚು ಸುಡುತ್ತದೆ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಹೊಳೆ ಏರಿದಾಗ ಹೊನ್ನಾಳಿಯಲ್ಲಿ ಮೊದಲು ಮನೆ ಬಿಡುವವರು ತಗ್ಗಿನಲ್ಲಿರುವವರು. ಬೋರ್ ಬತ್ತಿದಾಗ ಮೊದಲು ಕೆಲಸ ಕಳೆದುಕೊಳ್ಳುವವರು ಕೂಲಿಯವರು.

'ಬಾಬಾಸಾಹೇಬರೇ ವಿದ್ಯುತ್ ಬೇಕು ಎಂದಿದ್ದರಲ್ಲ' ಎಂದು ಯಾರಾದರೂ ಕೇಳಬಹುದು. ಹೌದು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ಯೋಜನೆಯೂ ಅವರ ಕೈಯಲ್ಲಿತ್ತು. ಅಗ್ಗದ ವಿದ್ಯುತ್ ಇಲ್ಲದೆ ಬಡತನದಿಂದ ಬಿಡುಗಡೆ ಇಲ್ಲ ಎಂಬುದು ಅವರ ನಿಲುವು. ಆದರೆ 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಗಳಿಗೆ ಹೋಗಿ ಕಾರ್ಮಿಕರ ಸ್ಥಿತಿಯನ್ನೂ ಕಣ್ಣಾರೆ ಕಂಡರು. ಮರುವರ್ಷ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಬೆಳಕು ಎಷ್ಟು ಬೇಕೋ, ಅದನ್ನು ಯಾರ ಬೆನ್ನ ಮೇಲೆ ತರುತ್ತೇವೆ ಎಂಬುದೂ ಅವರಿಗೆ ಅಷ್ಟೇ ಮುಖ್ಯವಾಗಿತ್ತು.

ಹಾಗಾದರೆ ಕಲ್ಲಿದ್ದಲು ಬಿಟ್ಟು ಬಿಸಿಲು, ಗಾಳಿಗೆ ಹೋದರೆ ಸಾಕೇ? ಹೋಗಲೇಬೇಕು, ಬೇಗ ಹೋಗಬೇಕು. ಆದರೆ ಪಾವಗಡವನ್ನು ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಕೊಟ್ಟರು. ಒಳ್ಳೆಯದೇ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಶೇಂಗಾ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಭೂರಹಿತರ ಹೆಸರು ಯಾವ ಪಹಣಿಯಲ್ಲಿದೆ? ಹೊಲ ಹೋದಾಗ ಅವರ ಕೂಲಿಯೂ ಹೋಯಿತು. ಅವರಲ್ಲಿ ನಮ್ಮವರೇ ಹೆಚ್ಚು. ಹೊಗೆ ಇಲ್ಲದಿದ್ದರೂ ಇದು ಅದಿನ್ನಾದಾನವೇ ಎಂದು ನನ್ನ ಅಭಿಪ್ರಾಯ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕನನ್ನೋ ಶವವನ್ನೋ ಕಂಡು ಅಲ್ಲ, ರೋಹಿಣಿ ನದಿಯ ನೀರಿನ ಜಗಳದಿಂದ. ಭದ್ರಾ ನಾಲೆಯ ಕೊನೆಯಂಚಿನ ನಮಗೆ ಆ ಜಗಳ ಚೆನ್ನಾಗಿ ಅರ್ಥವಾಗುತ್ತದೆ. ಶಾಕ್ಯರು ಯುದ್ಧ ಎಂದಾಗ ಸಿದ್ಧಾರ್ಥ ಹೇಳಿದ ದಾರಿ ಇದು: ನಮ್ಮ ಕಡೆಯಿಂದ ಇಬ್ಬರು, ಕೋಲಿಯರ ಕಡೆಯಿಂದ ಇಬ್ಬರು, ಈ ನಾಲ್ವರು ಆರಿಸಿದ ಐದನೆಯವರು, ಎಲ್ಲರೂ ಕೂತು ತೀರ್ಮಾನಿಸಲಿ.

ಜಗಳೂರಿನ ಕಡೆ ಗಾಳಿಯಂತ್ರಗಳು ಆಗಲೇ ತಿರುಗುತ್ತಿವೆ. ನಾಳೆ ನಮ್ಮೂರಿಗೂ ಕಂಪನಿಯವರು ಜಮೀನು ಕೇಳಿಕೊಂಡು ಬಂದಾಗ ಮಾತುಕತೆಗೆ ಜಮೀನುದಾರರಷ್ಟೇ ಕೂರುತ್ತಾರೋ, ಕೂಲಿಯವರೂ ಕೂರುತ್ತಾರೋ? ಭಾನುವಾರ ವಂದನೆಯ ನಂತರ ಇದನ್ನೇ ಚರ್ಚಿಸೋಣ. ನಿಮ್ಮ ನಿಮ್ಮ ಊರಲ್ಲಿ ಎಲ್ಲೆಲ್ಲಿ ಸೋಲಾರ್, ಗಾಳಿಯಂತ್ರಕ್ಕೆ ಜಮೀನು ಹೋಗಿದೆ, ಅಲ್ಲಿ ಎಷ್ಟು ಮನೆಯವರ ಕೂಲಿ ನಿಂತಿದೆ ಎಂದು ವಿಚಾರಿಸಿ, ಬರೆದುಕೊಂಡು ಬನ್ನಿ. ಗ್ರಾಮಸಭೆಗೆ ಕೊಡುವ ಅರ್ಜಿಯನ್ನು ಅಲ್ಲೇ ತಯಾರಿಸೋಣ.

ಭವತು ಸಬ್ಬ ಮಂಗಲಂ 🙏